ಇನ್‌ಹೋಗೆ, ಕಿಂಗ್ಸ್‌ಬರಿಯ ಕಾಕುವಿನಿಂದ

ಪ್ರೀತಿಯ ಇನ್‌ಹೋ,

ನಿನಗೆ ಕನ್ನಡ ಓದಲು ಬಾರದು, ಗೊತ್ತು. ಆದರೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಇಂಗ್ಲಿಷಿನಲ್ಲಿ ಬರೆಯಲು ಕೂತರೆ ನಾನು ಡಾಕ್ಟರ ಕ್ಲಿನಿಕ್ಕಿನ ರಿಸೆಪ್ಶನಿಸ್ಟ್ ಆಗಿಬಿಡುತ್ತೇನೆ. ‘ನಿಮ್ಮ ಮುಂದಿನ ದಿನಗಳಿಗೆ ಶುಭಾಶಯಗಳು’ ಎಂದು ಬರೆದು ಸಹಿ ಹಾಕಿ ಮುಗಿಸುತ್ತೇನೆ. ಅಂಥ ಪತ್ರ ಬರೆಯಲು ನಿನ್ನ ಫುಟ್‌ಬಾಲ್ ಕ್ಲಬ್ಬಿನಲ್ಲಿ ಬೇರೆಯವರಿದ್ದಾರೆ. ಇದನ್ನು ನಾನೇ ಫೋನಿನಲ್ಲಿ ನಿನಗೆ ಓದಿ ಹೇಳುತ್ತೇನೆ, ಬೇಡವಾದ ಕಡೆ ಹಾರಿಸಿಕೊಂಡು.

ಶನಿವಾರ ನಿನ್ನ ಕೊನೆಯ ಆಟಕ್ಕೆ ಇಡೀ ಕ್ರೀಡಾಂಗಣ ಎದ್ದು ನಿಂತಾಗ ಕಾಕಾ ಚಪ್ಪಾಳೆ ತಟ್ಟುವುದನ್ನೇ ಮರೆತರು. ಕನ್ನಡಕ ಒರೆಸುತ್ತ ನಿಂತಿದ್ದರು. ನನಗೆ ಮಾತ್ರ 2001ರ ಬೇಸಿಗೆಯೇ ಕಣ್ಣ ಮುಂದೆ ಇತ್ತು. ಹೊರದೇಶದ ಎಳೆಯ ಆಟಗಾರರನ್ನು ಮನೆಗಳಲ್ಲಿ ಇರಿಸುವ ಪದ್ಧತಿ ನಿಮ್ಮ ಕ್ಲಬ್ಬಿಗಿತ್ತು. ನಮ್ಮ ಮೇಲಿನ ಕೋಣೆ ಖಾಲಿ ಇತ್ತು, ಹೂಂ ಎಂದಿದ್ದೆವು. ಬಾಗಿಲು ತೆರೆದರೆ ನೀನು ಸೊಂಟ ಮುರಿಯುವಷ್ಟು ಬಾಗಿ ನಮಸ್ಕರಿಸಿದೆ. ನಮ್ಮದು ಮಾಂಸ ಮೀನು ಸೇರದ ಲಿಂಗಾಯತರ ಮನೆ. ಫುಟ್‌ಬಾಲ್ ಆಡುವವನಿಗೆ ಬರೀ ರೊಟ್ಟಿ ಪಲ್ಯ ಹೇಗೆ ಸಾಕು ಎಂದು ನನಗೆ ಹೆದರಿಕೆ. ನೀನೋ ಧಾರವಾಡದಿಂದ ಬಂದ ರಂಜಕದ ಬಾಟಲಿ ಕಂಡದ್ದೇ ಕಣ್ಣರಳಿಸಿದೆ. ಆ ಕೆಂಪು ಖಾರವನ್ನು ಚಮಚದಲ್ಲಿ ತಿಂದವರನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ನ್ಯೂ ಮಾಲ್ಡನ್‌ನ ನಿಮ್ಮ ದೇಶದವರ ಅಂಗಡಿಯಿಂದ ನೀನು ತಂದ ಕಿಮ್ಚಿಗೆ, ಮೀನು ಬೆರೆಸಿದ ಆ ಎಲೆಕೋಸಿನ ಉಪ್ಪಿನಕಾಯಿಗೆ, ಗ್ಯಾರೇಜಿನಲ್ಲಿ ಬೇರೆ ಫ್ರಿಜ್ ಇಟ್ಟೆವು. ಪಕ್ಕದ ಮನೆಯ ಮಕ್ಕಳನ್ನು ನೋಡಿ ನೀನೂ ನನ್ನನ್ನು ಕಾಕೂ, ನಮ್ಮ ಯಜಮಾನರನ್ನು ಕಾಕಾ ಎಂದೆ.

ನವೆಂಬರಿನಲ್ಲಿ ಒಂದು ಸಂಜೆ ಊಟಕ್ಕೆ ಕೆಳಗೆ ಬರಲಿಲ್ಲ. ಮೇಲೆ ಹೋಗಿ ನೋಡಿದರೆ ಬೂಟು ಹಿಡಿದು ಕೂತಿದ್ದೆ. ಹೀಗೇ ಆಡಿದರೆ ಜನವರಿಯಲ್ಲಿ ವಾಪಸ್ ಕಳಿಸುತ್ತೇವೆ ಎಂದಿದ್ದರಂತೆ ಕೋಚ್. ನಿನಗೆ ಕಾಲಿನಲ್ಲಿ ಆಟವಿತ್ತು, ಬಾಯಿ ಮಾತ್ರ ಇರಲಿಲ್ಲ. ನಾಯಕ ಡೆರೆಕ್ ನಿನಗಿಂತ ಹನ್ನೆರಡು ವರ್ಷ ದೊಡ್ಡವನು. ಹಿರಿಯನನ್ನು ಹೆಸರು ಹಿಡಿದು ಕೂಗಿ ಚೆಂಡು ಕೊಡು ಎಂದು ಹೇಗೆ ಕೇಳಲಿ ಎಂಬುದು ನಿನ್ನ ಸಂಕಟ. ಕೋಚ್ ಅದನ್ನು ಪುಕ್ಕಲುತನ ಎಂದುಕೊಂಡಿದ್ದರು. ಕಾಕಾ ಧಾರವಾಡದ ಮಾತಿನಲ್ಲೇ ಗದರಿಸಿದರು: “ಏ ತಮ್ಮಾ, ಚೆಂಡ ಆಡಾಕ ಬಂದಿಯೋ, ಹಿರ್ಯಾರಿಗೆ ನಮಸ್ಕಾರ ಮಾಡಾಕ ಬಂದಿಯೋ?” ನಿನಗೆ ಅರ್ಥವಾಗದಿದ್ದರೂ ಎದ್ದು ನಿಂತು ತಲೆ ತಗ್ಗಿಸಿದೆ. ಅದನ್ನು ನೋಡಿ ಅವರಿಗೇ ಪಾಪ ಅನಿಸಿತು. ನೀನೇ ಹೇಳು ಇನ್‌ಹೋ, ಮರ್ಯಾದೆ ಕಲಿತದ್ದಕ್ಕೆ ಒಬ್ಬ ಹುಡುಗನ ಅನ್ನ ಹೋಗಬೇಕೇ?

ಆ ವಾರವೇ ನಮ್ಮ ಕನ್ನಡದವರ ದೀಪಾವಳಿ ಊಟ. ಈಲಿಂಗ್ ರೋಡಿನ ಅಂಗಡಿಯಿಂದ ಬಾಳೆಎಲೆ ತಂದು ಹಾಲ್‌ನಲ್ಲಿ ಪಂಕ್ತಿ ಹಾಕಿದ್ದರು. ಒತ್ತಾಯ ಮಾಡಿ ನಿನ್ನನ್ನೂ ಕರೆದೊಯ್ದೆ. ಎದುರು ಸಾಲಿನಲ್ಲಿ ದೊಡ್ಡ ಸರ್ಜನ್ ರಾಮಪ್ರಸಾದ್ ಕೂತಿದ್ದರು. ಬಡಿಸುತ್ತಿದ್ದವನು ಅವರ ಕೈಕೆಳಗಿನ ಎಳೆ ಡಾಕ್ಟರ್ ಮಧುಸೂದನ್. ಆಸ್ಪತ್ರೆಯಲ್ಲಿ ಅವರೆದುರು ಉಸಿರೂ ಬಿಡದವನು ಸಾರಿನ ಬಕೆಟ್ ಹಿಡಿದು ಬಂದು, “ಸಾರ್, ಕೈ ತೆಗೀರಿ! ಬಿಸಿ ಇದೆ!” ಎಂದು ಕೂಗಿದ. ಅವರು ತಟ್ಟನೆ ಕೈ ಹಿಂದೆಳೆದುಕೊಂಡರು. ನೀನು ಬಾಯಿ ತೆರೆದುಕೊಂಡು ನೋಡಿದೆ. ಯಾರೂ ಯಾಕೆ ಬೈಯಲಿಲ್ಲ ಎಂದು ನನ್ನನ್ನು ಕೇಳಿದೆ. ಬಡಿಸುವವನು ಮರ್ಯಾದೆ ಎಂದು ಸುಮ್ಮನಿದ್ದರೆ ದೊಡ್ಡವರ ಕೈ ಸುಡುತ್ತದಪ್ಪಾ, ಕೂಗುವುದೇ ಅವನ ಕೆಲಸ ಎಂದೆ. ಮೈದಾನದಲ್ಲಿ ನೀನೂ ಬಡಿಸುವವನು ಎಂದೆ. ಅದನ್ನು ಮೊದಲೇ ಯೋಚಿಸಿ ಹೇಳಿದ್ದೇನಲ್ಲ, ಬಾಯಿಗೆ ಬಂತು. ನೀನು ಎದ್ದುಹೋಗಿ ಮಧುಸೂದನನ ಕೈಯಿಂದ ಬಕೆಟ್ ಇಸಿದುಕೊಂಡೆ. ಮುಂದಿನ ಸಾಲಿಗೆ “ಕೈ ತೆಗೀರಿ!” ಎಂದು ನೀನು ಕೂಗಿದ್ದಕ್ಕೆ ಹಾಲ್ ಪೂರ್ತಿ ನಕ್ಕಿತು.

ಅದರ ಮುಂದಿನ ಶನಿವಾರ, ಆಟ ಮುಗಿಯಲು ಬಂದಾಗ ನಿನ್ನನ್ನು ಮೈದಾನಕ್ಕೆ ಇಳಿಸಿದರು. ಡೆರೆಕ್ ಚೆಂಡು ಹಿಡಿದು ಬೇರೆ ಕಡೆ ನೋಡುತ್ತಿದ್ದ. “ಡೆರೆಕ್!” ಎಂದು ನೀನು ಕೂಗಿದ್ದು ಮೇಲಿನ ಸಾಲಿನಲ್ಲಿದ್ದ ನಮಗೂ ಕೇಳಿಸಿತು. ಚೆಂಡು ಬಂತು, ನೀನು ಒದ್ದೆ, ಗೋಲು. ಉಳಿದವರು ಅಪ್ಪಿಕೊಳ್ಳಲು ಓಡಿ ಬಂದರೆ ನೀನು ಹೋಗಿ ಡೆರೆಕ್‌ಗೆ ಸೊಂಟ ಬಾಗಿಸಿದೆ. ಅವನೂ ಗಲಿಬಿಲಿಯಾಗಿ ಬಾಗಿದ. ಜನವರಿಯಲ್ಲಿ ಯಾರೂ ನಿನ್ನನ್ನು ಕಳಿಸುವ ಮಾತೆತ್ತಲಿಲ್ಲ.

ಆಮೇಲಿನದೆಲ್ಲ ಪೇಪರಿನಲ್ಲಿದೆ. ತಂಡವನ್ನು ಮೇಲಿನ ವಿಭಾಗಕ್ಕೆ ಏರಿಸಿದೆ. ಮೊಣಕಾಲಿನ ಆಪರೇಷನ್ ಆಗಿ, ಮುಗಿಯಿತು ಇವನ ಕಥೆ ಎಂದವರ ಮುಂದೆ ಮತ್ತೆ ಓಡಿದೆ. ನಾಯಕನಾದೆ. ಟ್ಯೂಬ್ ರೈಲಿನಲ್ಲಿ ನಿನ್ನ ಹೆಸರಿನ ಅಂಗಿ ತೊಟ್ಟವರನ್ನು ಕಂಡರೆ, ಈ ಕಾಲುಗಳಿಗೆ ರೊಟ್ಟಿ ಹಾಕಿದವಳು ನಾನು ಎಂದು ಹೇಳಿಬಿಡಲು ನಾಲಿಗೆ ತುರಿಸುತ್ತಿತ್ತು. ಪೇಪರಿನಲ್ಲಿ ಇಲ್ಲದ್ದು ನನಗೆ ಗೊತ್ತು. ನಾಯಕನಾದ ಮೇಲೂ ಭಾನುವಾರ ಬಂದು ಕಾಕಾನ ಜೊತೆ ತೋಟದ ಹುಲ್ಲು ಕತ್ತರಿಸುತ್ತಿದ್ದೆ. ಸೋತ ದಿನ ಇನ್ನೊಬ್ಬರ ಮೇಲೆ ತಪ್ಪು ಹೊರಿಸಿದ್ದನ್ನು ನಾನು ಒಮ್ಮೆಯೂ ಕೇಳಲಿಲ್ಲ. ನನಗೆ ನಿನ್ನ ಮೇಲೆ ಬಹಳ ಹೆಮ್ಮೆ. ಎದುರಿಗೆ ಹೇಳಿದರೆ ಮತ್ತೆ ಬಾಗುತ್ತೀ ಎಂದು ಹೇಳಿರಲಿಲ್ಲ.

ಅಂದು ಈ ಹುಡುಗನನ್ನು ಕಳಿಸಬೇಡಿ ಎಂದು ಸಿಕ್ಕ ದೇವರಿಗೆಲ್ಲ ಕೈ ಮುಗಿದಿದ್ದೆ. ಈಗ ಯಾರೂ ಕಳಿಸುತ್ತಿಲ್ಲ, ನೀನಾಗಿಯೇ ನಿನ್ನ ದೇಶಕ್ಕೆ, ಅಪ್ಪ ಅಮ್ಮನ ಬಳಿಗೆ ಹೊರಟಿದ್ದೀ. ಅದು ಸರಿ. ತಡೆಯುವ ಮಾತನ್ನು ನಾನು ಆಡುವುದಿಲ್ಲ.

ಸೋಮವಾರ ಕ್ಲಬ್ಬಿನಿಂದ ಫೋನ್ ಬಂದಿತ್ತು. ನೀನು ನಿನ್ನದೇ ಫ್ಲ್ಯಾಟಿಗೆ ಹೋದಾಗಿನಿಂದ ಪ್ರತಿ ಬೇಸಿಗೆಯೂ ಹೊಸ ಆಟಗಾರನಿಗೆ ಕೋಣೆ ಕೇಳುತ್ತಾರೆ. ಒಂದು ವರ್ಷ ಬಣ್ಣ ಹೊಡೆಸುತ್ತಿದ್ದೇವೆ ಎಂದೆ, ಇನ್ನೊಂದು ವರ್ಷ ಮಂಡಿನೋವು ಎಂದೆ. ಈ ಸಲ ಕೊಟ್ಟೇಬಿಡೋಣ ಎಂದು ನಾನೂ ಕಾಕಾನೂ ಮಾತಾಡಿಕೊಂಡಿದ್ದೆವು. ಕೋಣೆ ಖಾಲಿ ಇದೆಯೇ ಎಂದು ಕೇಳಿದರು. ಇಲ್ಲ, ನಮ್ಮ ಹುಡುಗ ಇದ್ದಾನೆ ಎಂದುಬಿಟ್ಟೆ. ಕಾಕಾ ಪೇಪರಿನಿಂದ ತಲೆಯೆತ್ತಿ ನೋಡಿ, ಮತ್ತೆ ಓದತೊಡಗಿದರು.

ಚಳಿಯಲ್ಲಿ ಮೊಣಕಾಲು ಜೋಪಾನ. ನೂರು ವರ್ಷ ಸುಖವಾಗಿ ಬಾಳು, ಮಗನೇ.

ನಿನ್ನ,
ವತ್ಸಲಾ ಕಾಕು