ಹನ್ನೊಂದರಲ್ಲಿ ಒಂದು

ಜೂನ್ 11, ಮಂಗಳವಾರ. ಬೆಳಿಗ್ಗೆ 5.40

ಎರಡನೇ ದಿನದ ಡೋಸ್ ಆಯಿತು. ಅಕ್ಕಿ ತೊಳೆದ ನೀರಲ್ಲಿ ಅರೆದ ಬೇರು, ಅರ್ಧ ಲೋಟ, ಬರಿಹೊಟ್ಟೆಗೆ, ಪೂರ್ವಕ್ಕೆ ಮುಖ ಮಾಡಿ. ನಮ್ಮ ಅಡುಗೆಮನೆಯಲ್ಲಿ ಪೂರ್ವಕ್ಕಿರುವುದು ಫ್ರಿಜ್. ಫ್ರಿಜ್ಜಿಗೇ ಮುಖ ಮಾಡಿ ಕುಡಿದೆ. ಕಹಿ ಎಂದರೆ ಎಂಥ ಕಹಿ... ಒಂಬತ್ತು ಗಂಟೆಯ ತನಕ ನಾಲಿಗೆ ನನ್ನದಲ್ಲ.

ಅನೂಪನಿಗೆ ಗೊತ್ತು. ಕಾಲೇಜಿಗೆ ಗೊತ್ತಿಲ್ಲ. ಗೊತ್ತಾದರೆ ತ್ರ್ಯಂಬಕ ಸರ್ ಪ್ರಾಜೆಕ್ಟಿನಿಂದ ಹೊರಗೆ ಹಾಕುತ್ತಾರೆ. ಹಾಕಬೇಕಾದ್ದೇ. ಮಕ್ಕಳಾಗದವರಿಗೆ ಬೆಳಕೆಯ ದುರ್ಗಮ್ಮಜ್ಜಿ ಕೊಡುವ ಬೇರಿನ ಮದ್ದು ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂದು ಪರೀಕ್ಷಿಸುವವಳು ನಾನು. ಪರೀಕ್ಷಿಸುವವಳು ತಾನೇ ಕುಡಿಯಬಾರದು. ಫಸ್ಟ್ ಇಯರ್ ಬಾಟನಿಯವರಿಗೆ ಇದನ್ನೆಲ್ಲ ಪಾಠ ಮಾಡುವವಳೂ ನಾನೇ.

ಮೂವತ್ತೇಳು ವಯಸ್ಸು. ಮದುವೆಯಾಗಿ ಒಂಬತ್ತು ವರ್ಷ. ಮಂಗಳೂರಲ್ಲಿ ಎರಡು ಸಲ ಐವಿಎಫ್, ಎರಡು ಸಲವೂ ನಿಲ್ಲಲಿಲ್ಲ. ನನ್ನ ರಿಪೋರ್ಟ್ ನಾರ್ಮಲ್. ಅನೂಪನದೂ ನಾರ್ಮಲ್. ಎಲ್ಲ ನಾರ್ಮಲ್ ಎಂದರೆ ಬೈಯುವುದಕ್ಕೂ ಯಾರೂ ಸಿಗುವುದಿಲ್ಲ.

ಜೂನ್ 14, ಶುಕ್ರವಾರ

ಹೊನ್ನಾವರದಿಂದ ಏಳೂವರೆಯ ಬಸ್ಸಿಗೆ ಬೆಳಕೆ. ಆಶಾ ಕಾರ್ಯಕರ್ತೆ ಪ್ರಿಯಾ ಜೊತೆಗೆ. ಅವಳಿಲ್ಲದಿದ್ದರೆ ಅಲ್ಲಿ ಯಾವ ಮನೆಯ ಬಾಗಿಲೂ ನನಗೆ ತೆರೆಯುವುದಿಲ್ಲ. ನಾನೂ ಮದ್ದು ಕುಡಿಯುತ್ತಿರುವುದು ಅವಳಿಗೆ ಗೊತ್ತು, ಬಾಯಿ ಬಿಡುವವಳಲ್ಲ.

ಇವತ್ತಿಗೆ ಪಟ್ಟಿ ಮುಗಿಯಿತು. ಹತ್ತು ವರ್ಷದಲ್ಲಿ ಅಜ್ಜಿಯ ಮದ್ದು ಕುಡಿದವರು ಐವತ್ತು ಮಂದಿ, ಮಗುವಾದದ್ದು ಮೂವತ್ತೊಂದು ಮಂದಿಗೆ. ಅಜ್ಜಿಗೆ ಓದು ಬರಹ ಬರುವುದಿಲ್ಲ, ಆದರೆ ಮೂವತ್ತೊಂದು ಮಕ್ಕಳ ಹೆಸರೂ ಬಾಯಲ್ಲೇ ಇದೆ. ಐವತ್ತಕ್ಕೆ ಮೂವತ್ತೊಂದು! ಮಂಗಳೂರಿನ ಡಾಕ್ಟರು ಇಷ್ಟು ಹೇಳಿರಲಿಲ್ಲ. ಬಸ್ಸಲ್ಲಿ ಕೂತು ಮೂರು ಸಲ ಎಣಿಸಿದೆ.

ಮದ್ದಿನಲ್ಲಿ ಮೂರು ಬೇರು. ಶತಾವರಿ ಒಂದು. ಇನ್ನೆರಡರ ಹೆಸರು ಇಲ್ಲೂ ಬರೆಯುವುದಿಲ್ಲ, ಮಾತು ಕೊಟ್ಟಿದ್ದೇನೆ. ಒಂದು ಬೇರು ಮಳೆ ಬಿದ್ದ ಮೇಲೆಯೇ ಚಿಗುರುವುದು, ಹಾಗಾಗಿ ಜೂನ್ ಜುಲೈ ಬಿಟ್ಟರೆ ಮದ್ದು ಶುರು ಮಾಡುವ ಹಾಗಿಲ್ಲ.

“ಬರ್ಕಣಿ ಅಮ್ಮಾ, ಎಷ್ಟು ಬೇಕಾದ್ರೂ ಬರ್ಕಣಿ” ಎಂದಳು ಅಜ್ಜಿ. “ಆದ್ರೆ ಕುಡೀವಾಗ ಲೆಕ್ಕ ಹಾಕೂಕಾಗ. ನಂಬ್ಕಂಡು ಕುಡೀಬೇಕು.”

ನಂಬುತ್ತೇನೆ. ಮೂವತ್ತೊಂದು ಮಂದಿ ಇರುವಾಗ ನಂಬದೆ ಏನು ದಾಡಿ ನನಗೆ.

ಜುಲೈ 5, ಶುಕ್ರವಾರ

ಬಂತು.

ಸ್ಟಾಫ್ ರೂಮಿನ ಬಾತ್‌ರೂಮಿನಲ್ಲಿ. ಹನ್ನೊಂದಕ್ಕೆ ಕ್ಲಾಸಿತ್ತು, ಪರಾಗಸ್ಪರ್ಶ. ಮಾಡಿದೆ.

ಜುಲೈ 9, ಮಂಗಳವಾರ. ಬೆಳಿಗ್ಗೆ

ಎರಡನೇ ತಿಂಗಳಿನ ಮದ್ದು ಶುರು. ಅಜ್ಜಿಗೆ ಫೋನ್ ಮಾಡಿ ಅತ್ತುಬಿಟ್ಟಿದ್ದೆ, ನಾಚಿಕೆಯಾಗುತ್ತದೆ. “ಬಲೆ ಬಿಟ್ಟ ಕೂಡ್ಲೆ ಮೀನು ಬತ್ತಾ ಅಮ್ಮಾ? ಮೂರು ತಿಂಗಳು ಕುಡೀರಿ, ಆಮೇಲೆ ಕೇಳಿ” ಎಂದಳು.

ಅನೂಪ ಎಚ್ಚರವಾಗಿ ಬಂದು ನೋಡುತ್ತಾ ನಿಂತಿದ್ದ. “ಅಷ್ಟು ಕಷ್ಟಪಟ್ಟು ಎಂತಕ್ಕೆ ಕುಡಿತೆ ವನೂ? ಬಿಡು. ನಾವಿಬ್ರೇ ಇದ್ರೂ ಎಂತ ಆತು?” ಎಂದ. ಪ್ರೀತಿಯಿಂದಲೇ ಹೇಳಿದ್ದು. ಲೋಟ ಅವನ ಮೇಲೆ ಎಸೆಯಬೇಕೆನಿಸಿತು.

ಜುಲೈ 31, ಬುಧವಾರ

ಬೆಳಕೆ. ದಂಡೆಯ ಮೇಲೆ ಬೋಟುಗಳಿಗೆ ಹೊಸ ಬಣ್ಣ. ಮಳೆಗಾಲದ ಎರಡು ತಿಂಗಳ ಮೀನುಗಾರಿಕೆ ಬಂದ್ ಇವತ್ತಿಗೆ ಮುಗಿಯುತ್ತದಂತೆ.

ಪ್ರಿಯಾ ಅವಸರ ಮಾಡಿದಳು. “ಗಂಡಸ್ರ ಹತ್ರ ಎಂತ ಕೇಳೂದಿದ್ರೂ ಇವತ್ತೇ ಕೇಳ್ಕಣಿ ಮೇಡಂ. ನಾಳೆಯಿಂದ ಬೋಟು. ಮಲ್ಪೆಗೆ, ಗೋವಾಕ್ಕೆ ಹೋದವ್ರು ತಿಂಗಳುಗಟ್ಲೆ ಬರೂದಿಲ್ಲ.” ಮತ್ತೆ ತಾನೇ ನಕ್ಕಳು: “ಅದಕ್ಕೇ ನಮ್ಮ ಅಂಗನವಾಡೀಲಿ ಬರ್ತ್‌ಡೇ ಎಲ್ಲಾ ಮಾರ್ಚ್ ಏಪ್ರಿಲ್ಲೇ. ಬೋಟು ಬಂದ್ ಇದ್ದಾಗ್ಲೇ ಅಲ್ದಾ ಗಂಡಂದಿರು ಮನೇಲಿರೂದು.”

ನಾನೂ ನಕ್ಕೆ. ಬಸ್ಸು ಮುರುಡೇಶ್ವರ ದಾಟುವವರೆಗೂ ನಗುತ್ತಲೇ ಇದ್ದೆ. ಆಮೇಲೆ ಬೆರಳಲ್ಲಿ ಮಾರ್ಚಿನಿಂದ ಹಿಂದಕ್ಕೆ ಒಂಬತ್ತು ತಿಂಗಳು ಎಣಿಸಿದೆ.

ಆಗಸ್ಟ್ 1, ಗುರುವಾರ. ಬೆಳಿಗ್ಗೆ 6

ಎಕ್ಸೆಲ್ ಶೀಟನ್ನು ಇಷ್ಟು ದಿನ ತಾಯಂದಿರ ಹೆಸರಿನ ಪ್ರಕಾರ ಜೋಡಿಸಿಕೊಂಡಿದ್ದೆ. ಇವತ್ತು ಮಕ್ಕಳ ಹುಟ್ಟಿದ ದಿನಾಂಕದ ಪ್ರಕಾರ ಜೋಡಿಸಿದೆ. ಮೂವತ್ತೊಂದರಲ್ಲಿ ಇಪ್ಪತ್ತೆಂಟು ಮಾರ್ಚ್, ಏಪ್ರಿಲ್.

ಮದ್ದು ಶುರು ಮಾಡುವುದು ಬೋಟು ಬಂದ್ ಇರುವ ಎರಡು ತಿಂಗಳು. ಗಂಡಂದಿರು ಮನೆಯಲ್ಲಿರುವುದೂ ಅದೇ ಎರಡು ತಿಂಗಳು. ತೋಟದ ಮನೆಯಲ್ಲಿ ಹುಟ್ಟಿದವಳಿಗೆ, ಅಪ್ಪ ಮನೆ ಬಿಟ್ಟು ಒಂದು ದಿನವೂ ಇದ್ದದ್ದನ್ನು ನೋಡದವಳಿಗೆ, ಇದು ಎಲ್ಲಿಂದ ಹೊಳೆಯಬೇಕು? ಆ ಊರಿನ ಸಣ್ಣ ಹುಡುಗಿಗೂ ಗೊತ್ತಿರುವ ವಿಷಯ. ನಾನು ಪಿಎಚ್.ಡಿ.

ಬೇರು ಅಲ್ಲ. ಮನೆಗೆ ಬಂದ ಗಂಡಂದಿರು.

ನನ್ನ ಗಂಡ ಕುಮಟೆಯ ಆಫೀಸಿನಿಂದ ವರ್ಷವಿಡೀ ಆರೂಕಾಲರ ಬಸ್ಸಿಗೆ ಮನೆಗೆ ಬರುತ್ತಾನೆ.

ಅದೇ ದಿನ. ಮಧ್ಯಾಹ್ನ

ಇನ್ನೊಮ್ಮೆ ನೋಡಿದೆ. ಗಂಡ ಸಮುದ್ರಕ್ಕೆ ಹೋಗದೆ ದಿನಾ ಮನೆಯಲ್ಲೇ ಇರುವ ಹೆಂಗಸರು, ಅಂದರೆ ನನ್ನ ಹಾಗಿನವರು, ಪಟ್ಟಿಯಲ್ಲಿ ಹನ್ನೊಂದು. ಅವರಲ್ಲಿ ಮಗುವಾದದ್ದು ಒಬ್ಬಳಿಗೆ. ಅರ್ಚನಾ. ತವರು ಹೆಬಳೆ, ಈಗ ಕುಮಟೆ, ಗಂಡನಿಗೆ ಸ್ಟೇಷನರಿ ಅಂಗಡಿ. ಪ್ರಿಯಾ ಫೋನಲ್ಲಿ ವಿವರ ಕೇಳಿ ಬರೆಸಿದ್ದು, ನಾನು ಮುಖ ನೋಡಿಲ್ಲ.

ಹನ್ನೊಂದರಲ್ಲಿ ಒಂದು. ವಿದ್ಯಾರ್ಥಿಗಳು ಹೀಗೆ ಬರೆದು ತಂದರೆ ಕೆಂಪು ಪೆನ್ನಲ್ಲಿ ಹೊಡೆದು ಹಾಕುತ್ತೇನೆ. ಆದರೆ ಸೊನ್ನೆ ಅಲ್ಲವಲ್ಲ. ಒಂದು ಇದೆಯಲ್ಲ.

ಸರ್‌ಗೆ ಹೇಳಲಿಲ್ಲ. 12ಕ್ಕೆ ರಿಪೋರ್ಟ್ ಕೊಡಬೇಕು.

ಆಗಸ್ಟ್ 3, ಶನಿವಾರ

ಇವತ್ತು ಬರಬೇಕಿತ್ತು. ಬರಲಿಲ್ಲ.

ಆಗಸ್ಟ್ 5

ಇಲ್ಲ.

ಆಗಸ್ಟ್ 8, ಗುರುವಾರ

ಐದು ದಿನ. ನನಗೆ ಒಂದು ದಿನವೂ ಆಚೀಚೆ ಆಗುವುದಿಲ್ಲ. ನಡೆಯುವಾಗ ಹೆಜ್ಜೆ ಮೆಲ್ಲಗೆ ಇಡುತ್ತಿದ್ದೇನೆ. ಮೂರ್ಖಳ ಹಾಗೆ.

ಮೂರನೇ ತಿಂಗಳಿನ ಮದ್ದಿಗೆ ಯಾಕೆ ಬರಲಿಲ್ಲ ಎಂದು ಅಜ್ಜಿ ಪ್ರಿಯಾಳ ಫೋನಿನಿಂದ ಕೇಳಿದಳು. ದಿನ ತಪ್ಪಿದೆ ಎಂದೆ. “ಹಾಂಗಾರೆ ಮದ್ದು ಬೇಡ. ಸುಮ್ನಿರಿ” ಎಂದು ಪಿಸುಗುಟ್ಟಿದಳು, ಜೋರಾಗಿ ಹೇಳಿದರೆ ಓಡಿಹೋಗುತ್ತದೆ ಎನ್ನುವಂತೆ.

ಟೆಸ್ಟ್ ಕಿಟ್ ಡ್ರಾಯರಿನಲ್ಲಿದೆ. ಅನೂಪ ದಿನಾ ಬೆಳಿಗ್ಗೆ “ನೋಡಲಕ್ಕಲ್ದಾ?” ಎನ್ನುತ್ತಾನೆ. ಬೇಡ. ನೋಡಿದರೆ ಗೊತ್ತಾಗಿಬಿಡುತ್ತದೆ.

ಆಗಸ್ಟ್ 10, ಶನಿವಾರ. ಸಂಜೆ

ಕುಮಟೆಗೆ ಹೋಗಿದ್ದೆ. ಅರ್ಚನಾಳನ್ನು ನೋಡಲೇಬೇಕಿತ್ತು. ರಿಪೋರ್ಟಿಗೆ ಎಂದು ಹೇಳಿಕೊಂಡೆ.

ಮನೆ ಅಂಗಡಿಯ ಹಿಂದೆಯೇ. ಆರು ವರ್ಷದ ಹುಡುಗಿ ನೆಲದ ಮೇಲೆ ಕೂತು ಬಣ್ಣ ಹಚ್ಚುತ್ತಿತ್ತು. ಎಷ್ಟು ಹೊತ್ತು ಅದನ್ನೇ ನೋಡಿದೆನೋ. ಮದ್ದು ಎಷ್ಟು ತಿಂಗಳು ಕುಡಿದಿರಿ, ಎಷ್ಟನೇ ತಿಂಗಳಿಗೆ ನಿಂತಿತು ಎಂದು ಕೇಳುತ್ತಾ ಹೋದೆ. ಅರ್ಚನಾ ಮಗುವನ್ನು ಅಂಗಡಿಗೆ ಅಪ್ಪನ ಹತ್ತಿರ ಕಳಿಸಿದಳು. ಬಾಗಿಲು ಮುಂದೆ ಮಾಡಿದಳು.

“ಮೇಡಂ, ಅದು ನಮ್ಮ ಅಕ್ಕನ ಮಗು. ಮೂರನೇದು. ನಲವತ್ತು ದಿನದ್ದು ಇಪ್ಪಾಗ ನಾವು ತಂದ್ಕಂಡದ್ದು.”

ನನ್ನ ಪೆನ್ನು ಕಾಗದದ ಮೇಲೇ ಇತ್ತು.

“ಸುಳ್ಳು ಹೇಳೂಕೆ ಹೋದದ್ದಲ್ಲ. ಇದನ್ನ ಎತ್ಕಂಡು ಹೆಬಳೆಗೆ ಹೋಗಿದ್ದೆ, ಅಲ್ಲಿ ಅಜ್ಜಿ ಸಿಕ್ತು. ಕೇಳೂದೂ ಇಲ್ಲ ಎಂತದೂ ಇಲ್ಲ, ಮಗೂನ ಎತ್ಕಂಡು ‘ನನ್ನ ಬೇರು ಹಿಡೀತು’ ಅಂತ ಅತ್ತೇ ಬಿಡ್ತು. ಆ ಹೊತ್ತಲ್ಲಿ ಇಲ್ಲ ಅಂತ ಹ್ಯಾಂಗೆ ಹೇಳೂದು? ಆಮೇಲೆ ಪ್ರಿಯಾ ಫೋನ್ ಮಾಡಿದಾಗ್ಲೂ ಅದನ್ನೇ ಹೇಳ್ದೆ.” ನೆಲದ ಮೇಲಿದ್ದ ಬಣ್ಣದ ಪೆನ್ಸಿಲ್ ಹೆಕ್ಕುತ್ತಾ, “ನಂಗೂ ಆಗ ನಾನೇ ಹೆತ್ತ ಹಾಂಗೆ ಆಗಿತ್ತು. ನೀವು ಬರ್ಕಂಬೇಡಿ” ಎಂದಳು.

ಚಾ ಕೊಟ್ಟಳು. ಕುಡಿದೆ. “ನಿಮಗೆ ಮಕ್ಕಳು?” ಎಂದು ಕೇಳಿದಳು. ಬಸ್ಸಿಗೆ ಹೊತ್ತಾಯಿತು ಎಂದೆ.

ಇನ್ನೂ ಬಂದಿಲ್ಲ. ಏಳು ದಿನ. ಹನ್ನೊಂದರಲ್ಲಿ ಸೊನ್ನೆ ಆದರೂ ಹನ್ನೆರಡನೆಯವಳು ನಾನು ಆಗಬಾರದು ಎಂದು ಎಲ್ಲಿ ಬರೆದಿದೆ?

ಆಗಸ್ಟ್ 11, ಭಾನುವಾರ. ಸಂಜೆ 4.50

ಬೆಳಿಗ್ಗೆ ಬಂತು. ಎಂಟು ದಿನ ಆಸೆ ತೋರಿಸಿ ಬಂತು. ಕಿಟ್ ಒಡೆಯಲೇ ಇಲ್ಲ.

ಅನೂಪನಿಗೆ ಹೇಳಲು ಬಾಯಿ ಬರಲಿಲ್ಲ. ಅವನು ದೋಸೆ ತಿನ್ನುತ್ತಾ ನನ್ನ ಮುಖವನ್ನೇ ನೋಡುತ್ತಿದ್ದ. ಊಟವಾದ ಮೇಲೆ ತರಕಾರಿ ತರಲು ಹೋದ. ನಾನು ರಿಪೋರ್ಟ್ ಟೈಪ್ ಮಾಡಿದೆ. ಅರ್ಚನಾಳ ಹೆಸರು ತೆಗೆದೆ, ಯಾಕೆಂದು ಬರೆಯಲಿಲ್ಲ. ಮದ್ದಿನಿಂದ ಪರಿಣಾಮವಾಗಿದೆ ಎನ್ನಲು ಆಧಾರವಿಲ್ಲ ಎಂದು ಬರೆದೆ. ನಾಳೆ ಕೊಡುತ್ತೇನೆ.

ಆಗ ಫೋನ್ ಬಂತು. ಅಜ್ಜಿ.

“ಅಮ್ಮಾ, ಎಂತ ಆತು?”

ಇಲ್ಲ ಅಜ್ಜಿ ಎಂದು ಹೇಳಬೇಕಿತ್ತು. ಎರಡೇ ಶಬ್ದ. ಬಾಯಿ ತೆರೆದೆ. “ನಿಂತಿದ್ದು ಅಜ್ಜಿ” ಎಂದೆ.

ಆ ಕಡೆಯಿಂದ ಅಳು. ಆಮೇಲೆ ಒಂದೇ ಸಮನೆ ಹೇಳುತ್ತಾ ಹೋದಳು — ಯುಗಾದಿ ಕಳೆದು ಹದಿನೈದು ದಿನಕ್ಕೆ ಹೆರಿಗೆ, ಸ್ಕೂಟಿ ಹತ್ತಬೇಡಿ, ಪಪ್ಪಾಯಿ ಮುಟ್ಟಬೇಡಿ, “ಭಾರ ಎತ್ಬೇಡಿ ಅಮ್ಮಾ.” ಒಂಬತ್ತು ವರ್ಷದಲ್ಲಿ ಯಾರೂ ನನಗೆ ಭಾರ ಎತ್ತಬೇಡ ಎಂದು ಹೇಳಿರಲಿಲ್ಲ. “ಹೂಂ ಅಜ್ಜಿ, ಎತ್ತುದಿಲ್ಲೆ” ಎಂದೆ. ಎಷ್ಟು ಸುಖವಾಯಿತು ಎಂದು ಬರೆಯಲು ನಾಚಿಕೆ. ಎರಡು ನಿಮಿಷ ನಾನು ಬಸುರಿ.

ಫೋನಿಟ್ಟು ತಿರುಗಿದರೆ ಅನೂಪ ಬಾಗಿಲಲ್ಲಿ ನಿಂತಿದ್ದಾನೆ, ಚೀಲ ಕೈಯಲ್ಲೇ ಇದೆ.

“ಹೌದನೇ ವನೂ?”

ಅವನು ಅಳುವುದನ್ನು ನಾನು ಯಾವತ್ತೂ ನೋಡಿಲ್ಲ. ಮಂಗಳೂರಿನಲ್ಲೂ ಅತ್ತಿರಲಿಲ್ಲ. ಚೀಲ ನೆಲಕ್ಕಿಟ್ಟು ಮುಖ ಮುಚ್ಚಿಕೊಂಡ. ಆಗಲಾದರೂ ಹೇಳಬಹುದಿತ್ತು. ನಾನು ಅವನ ಬೆನ್ನು ಸವರುತ್ತಿದ್ದೆ.

“ಅಮ್ಮಂಗೆ ಹೇಳಿಕ್ಕಿ ಬತ್ತೆ” ಎಂದು ಅಂಗಳಕ್ಕೆ ಹೋದ. ಒಳಗೆ ಸಿಗ್ನಲ್ ಸಿಗುವುದಿಲ್ಲ ಅವನದಕ್ಕೆ. ರಿಂಗ್ ಆಗುತ್ತಿರಬೇಕು, ಅತ್ತೆ ಎತ್ತುವುದು ಯಾವಾಗಲೂ ನಿಧಾನ. ಈಗಲೇ ಎದ್ದು ಹೋದರೆ ತಡೆಯಬಹುದು. ಹೋಗುವ ಬದಲು ಇಲ್ಲಿ ಬರೆಯುತ್ತಾ ಕೂತಿದ್ದೇನೆ. ಏಳು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಈ ಸಾಲು ಮುಗಿದ ಕೂಡಲೇ ಏಳಬೇಕು, ಅಂಗಳಕ್ಕೆ ಹೋಗಬೇಕು, ಫೋನು ಕಸಿದುಕೊಳ್ಳಬೇಕು, ಅನೂಪಾ ಎನ್ನಬೇಕು, ಆಮೇಲೆ

“ಅಮ್ಮಾ, ಮೊದ್ಲು ಕೂತ್ಗ. ಕೂತ್ಗಂಡ್ಯಾ?”