ಮೇಜಿನ ಮೇಲೆ ಇಲ್ಲದ ಗಡಿಗೆ

ಕುಂದಗೋಳ, ಸೋಮವಾರ

ಖಾಲಾ, ಕಲಘಟಗಿಗೆಲ್ಲ ನನ್ನ ಸಲಾಂ!

ಫೋನು ರಿಪೇರಿಗೆ ಹೋಗಿದೆ, ಅದಕ್ಕೇ ಈ ಕಾರ್ಡು. "ಫಿಲಾಸಫಿ ಓದಿದ್ರ ಏನ್ ಸಿಗತೈತಿ?" ಅಂದಿದ್ದೆಯಲ್ಲ, ಕೇಳು. ಇವತ್ತು ನಮ್ಮ ಸರ್ ಖಾಲಿ ಮೇಜು ತೋರಿಸಿ, "ಇದರ ಮ್ಯಾಲೆ ಗಡಿಗಿ ಇಲ್ಲ. ಆ ಇಲ್ಲದಿರೂದೂ ಕಣ್ಣಿಗೆ ಕಾಣತೈತಿ!" ಎಂದು ಕೂಗಿದರು. ಕಾಲೇಜಿನಲ್ಲಿ ನೀರು ಕೊಡುವ ಗುರವ್ವ ಓಡಿಬಂದು, ಕುಡಿಯುವ ನೀರಿನ ಗಡಿಗೆಯನ್ನೇ ಮೇಜಿನ ಮೇಲೆ ಕುಕ್ಕಿದಳು. "ತಗೋರಿ ಸರ, ಇಷ್ಟಕ್ಯಾಕ ಒದರತೀರಿ?"

ನಕ್ಕು ನಕ್ಕು ನನಗೆ ಬಿಕ್ಕಳಿಕೆ ಹತ್ತಿತು! ನೆಗಡಿ ಹೋಗಿದೆ, ಹಸಿವು ಜೋರು. ಪಾಠ ಮಾತ್ರ ಖರೇ, ಖಾಲಾ: ಹಾಸ್ಟೆಲ್ ತಾಟಿನಲ್ಲಿ ರೊಟ್ಟಿಯ ಪಕ್ಕ ನಿನ್ನ ಖಾರದ ಶೇಂಗಾ ಹಿಂಡಿ ಇಲ್ಲದಿರುವುದು ಮೂರು ಹೊತ್ತೂ ಎದ್ದು ಕಾಣುತ್ತದೆ. ಶುಕ್ರವಾರ ಈ ಕಡೆ ಬರುವ ರಮಜಾನ್ ಮಾಮಾನ ಕೈಯಲ್ಲಿ ಡಬ್ಬಿ ಕಳಿಸು. ತುಂಬಿಸಿಯೇ ಕಳಿಸು, ಖಾಲಿಯದರ ಪಾಠ ಇವತ್ತೇ ಓದಿ ಮುಗಿಸಿದ್ದೇನೆ.

ನಿನ್ನ ಅಕ್ಕನ ಮಗಳು ಅರ್ಫಾ