ಆಮೆಯ ದರ್ಜೆ

ನವೆಂಬರ್ ೮, ಶನಿವಾರ. ಮತ್ಸುಮೊತೊ, ಜಪಾನ್.

ಮಗಳು ಚಿಹಾರು ನಾಳೆಯೇ ಬೇರೆ ಮನೆ ಮಾಡುತ್ತಾಳೆ. ವಯಸ್ಸಾಯಿತೆಂದು ನಾನು ಲೈಸೆನ್ಸ್ ಹಿಂದಿರುಗಿಸಿದ್ದರಿಂದ ಕಾರು ಇನ್ನು ಅವಳದು. ಒಂದೂ ಅಪಘಾತವಿಲ್ಲದೆ ನಾನು ಏರಿದ, ಕಂತು ಅಗ್ಗವಾಗಿಸುವ ವಿಮೆಯ ಮೇಲ್ದರ್ಜೆ ಅವಳ ಹೆಸರಿಗೆ ದಾಟುವುದು ಇಬ್ಬರೂ ಒಂದೇ ಸೂರಿನಡಿ ಇರುವಾಗ ಮಾತ್ರ. ಮನೆ ಬಿಟ್ಟ ಮೇಲಾದರೆ ಹೊಸಬರ ದುಬಾರಿ ಕಂತೇ ಗತಿ.

"ಮೊದ್ಲು ವಿಮೆ, ಆಮೇಲೆ ಗಂಟುಮೂಟೆ," ಎಂದು ಹಟ ಹಿಡಿದೆ.

"ಜೀವನವಿಡೀ ಆಮೆ ಥರ ಓಡ್ಸಿದ್ದು ಇದಕ್ಕೇನಾ ಅಪ್ಪಾ?"

ಮಧ್ಯಾಹ್ನ ಏಜೆಂಟ್ ಬಂದು ಕೆಲಸ ಮುಗಿಸಿಕೊಟ್ಟ. ಸಂಜೆ ಅವಳೇ ಕಾರು ತೆಗೆದಳು. ಸೈಕಲ್ ಮೇಲಿನ ಅಜ್ಜಿಯೊಬ್ಬಳು ನಮ್ಮನ್ನು ದಾಟಿ ಹೋದಳು.

"ಸ್ವಲ್ಪ ಜೋರಾಗಿ ಹೋಗೇ!" ಎಂದೆ.

"ನಿಮ್ಮ ದರ್ಜೆ ಇದು. ಬೀಳ್ಸಲ್ಲ, ಸುಮ್ನೆ ಕೂತ್ಕೊಳಿ."

ಪಕ್ಕದ ಸೀಟಿನಲ್ಲಿ ನನ್ನ ಬಲಗಾಲು ಒಮ್ಮೆಯೂ ಬ್ರೇಕ್ ಹುಡುಕಲಿಲ್ಲ.